ಕಟ್ಟುವವರು ಬರೆದಾಗ

ಕೊಯಮತ್ತೂರಿನಿಂದ ಪೊಳ್ಳಾಚಿಯ ಕಡೆಗೆ ಹೊರಟವರಿಗೆ ಸುಮಾರು ಅರ್ಧ ದಾರಿಯಲ್ಲಿ ಕಿಣತ್ತುಕಡವು ಎದುರಾಗುತ್ತದೆ. ಊರಿನ ಹೆಸರಿನಲ್ಲಿಯೇ ಬಾವಿಯೊಂದು ಅಡಗಿದೆ. ತಮಿಳಿನ ‘ಕಿಣರು’ ಎಂಬ ಮಾತಿಗೆ ಬಾವಿಯೆಂದೇ ಅರ್ಥ. ಪೊನ್ಮಲೆಯ ಮೇಲೆ ವೇಲಾಯುಧಸ್ವಾಮಿಯ ಗುಡಿ, ಕೆಳಗೆ ತರಕಾರಿಯ ಮಾರುಕಟ್ಟೆ, ಸುತ್ತಲೂ ತೆಂಗಿನ ತೋಟಗಳು, ಪಶ್ಚಿಮಕ್ಕೆ ಪಾಲಕ್ಕಾಡಿನ ಕಣಿವೆ. ಸಹ್ಯಾದ್ರಿಯ ಸಾಲು ಅಲ್ಲಿ ಬಾಗಿಲು ತೆರೆದಂತೆ ಸರಿದು ನಿಂತಿರುವುದರಿಂದ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಈ ಬಯಲಿಗೆ ತಡೆಯಿಲ್ಲದೆ ನುಗ್ಗುತ್ತದೆ. ಹಳೆಯ ಮನೆಗಳಿಗೆ ಆ ಗಾಳಿಯ ಗುರುತು ಇತ್ತು. ತಗ್ಗಾದ ಹೆಂಚಿನ ಮಾಡು, ಬೀದಿಯ ಕಡೆಗೆ ಜಗಲಿ, ದಪ್ಪ ಗೋಡೆ, ಒಳಗೆ ತಂಪು. ಹೊಸ ಮನೆಗಳಿಗೆ ಅದು ಅಷ್ಟಾಗಿ ಇಲ್ಲ. ಸಮತಟ್ಟಾದ ಕಾಂಕ್ರೀಟು ಚಾವಣಿ, ಗಾಜಿನ ಕಿಟಕಿ, ಒಳಗಿನ ಸೆಕೆಗೆ ಯಂತ್ರದ ಪರಿಹಾರ. ಈ ಬಗೆಯ ಮನೆ ಕಿಣತ್ತುಕಡವಿನಲ್ಲಿಯೂ ಒಂದೇ, ಹುಬ್ಬಳ್ಳಿಯಲ್ಲಿಯೂ ಒಂದೇ, ಸೊಲ್ಲಾಪುರದಲ್ಲಿಯೂ ಒಂದೇ.

ಕೊಯಮತ್ತೂರು ಜಿಲ್ಲೆಯಲ್ಲಿ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕುಟುಂಬಗಳಿವೆ. ದೇವಾಂಗ ನೇಕಾರರು, ಒಕ್ಕಲಿಗರು ಅವರಲ್ಲಿ ಮುಖ್ಯರು. ಮನೆಯೊಳಗೆ ಕನ್ನಡ, ಬೀದಿಯಲ್ಲಿಯೂ ಶಾಲೆಯಲ್ಲಿಯೂ ತಮಿಳು, ಕಾಲೇಜಿಗೆ ಹೋದ ಮೇಲೆ ಇಂಗ್ಲಿಷ್ ಎಂಬುದು ಅಲ್ಲಿಯ ಮಕ್ಕಳ ಸಾಮಾನ್ಯ ದಾರಿ. ಅಂಥ ಮನೆಯ ಹುಡುಗನೋ ಹುಡುಗಿಯೋ ವಾಸ್ತುಶಿಲ್ಪವನ್ನು ಓದಿ ಮುಗಿಸಿ, ಸ್ವಂತ ಕಚೇರಿಯೊಂದನ್ನು ತೆರೆಯಬೇಕೆಂದು ಬಯಸಿದರೆ, ಆ ಬಯಕೆಗೆ ಮಾರ್ಗದರ್ಶಕವಾದ ಪುಸ್ತಕ ಯಾವುದು? ನಕ್ಷೆ ಬರೆಯುವುದನ್ನು ಕಾಲೇಜು ಕಲಿಸಿರುತ್ತದೆ. ನಕ್ಷೆಯನ್ನು ಕೇಳಿ ಬಂದವನೊಡನೆ ಹೇಗೆ ಮಾತನಾಡಬೇಕು, ಎಷ್ಟು ಹಣ ಕೇಳಬೇಕು, ಯಾವ ಕೆಲಸವನ್ನು ಬೇಡವೆನ್ನಬೇಕು, ಜೊತೆಗೆ ದುಡಿಯುವವರಿಗೆ ತಿಂಗಳ ಕೊನೆಯಲ್ಲಿ ಏನು ಕೊಡಬೇಕು ಎಂಬುದನ್ನು ಯಾರು ಕಲಿಸುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಅರಸಿ ಹೊರಟವರಿಗೆ ವಾಸ್ತುಶಿಲ್ಪಿಗಳೇ ಬರೆದ ಒಂದು ಬಗೆಯ ಪುಸ್ತಕಗಳು ಸಿಗುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳಿಗೂ ಅವು ಪರಕೀಯವಲ್ಲ.

ವಾಸ್ತುಶಿಲ್ಪಿಗಳು ಬರೆದ ಪುಸ್ತಕಗಳಲ್ಲಿ ಎರಡು ಕುಲಗಳಿವೆ. ಮೊದಲನೆಯದು ದೊಡ್ಡ ಅಳತೆಯ, ನುಣುಪು ಕಾಗದದ, ಛಾಯಾಚಿತ್ರಗಳ ಪುಸ್ತಕ. ಅದರಲ್ಲಿ ಕಟ್ಟಡಗಳು ಹಬ್ಬದ ದಿನದ ಮಕ್ಕಳಂತೆ ತೊಳೆದು ಬಾಚಿ ನಿಂತಿರುತ್ತವೆ. ಒಂದು ಚಿತ್ರದಲ್ಲಿಯೂ ಒಗೆದ ಬಟ್ಟೆ ಒಣಹಾಕಿರುವುದಿಲ್ಲ. ಎರಡನೆಯದು ಸಣ್ಣ ಅಳತೆಯದು, ಮಾತಿನದು. ಕಟ್ಟಡ ಏಳುವ ಮೊದಲು ನಡೆದ ಜಗಳ, ನಿಂತುಹೋದ ಕೆಲಸ, ಬಾರದ ಹಣ, ಬಿಟ್ಟುಹೋದ ಜೊತೆಗಾರ, ಮೇಸ್ತ್ರಿಯಿಂದ ಕಲಿತ ಪಾಠ ಇವೆಲ್ಲ ಎರಡನೆಯ ಕುಲದಲ್ಲಿ ದೊರೆಯುತ್ತವೆ. ಕಟ್ಟಡವನ್ನು ನೋಡಿ ಮೆಚ್ಚುವುದಕ್ಕೆ ಮೊದಲನೆಯದು ಸಾಕು. ಕಟ್ಟುವ ಬಾಳನ್ನು ಅರಿಯುವುದಕ್ಕೆ ಎರಡನೆಯದೇ ಬೇಕು.

ಈ ಕುಲದ ಹಿರಿಯ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಆತ ಬರೆದ ಹತ್ತು ಸಂಪುಟಗಳ ಗ್ರಂಥದಲ್ಲಿ ಕಂಬಗಳ ಪ್ರಮಾಣ, ಸುಣ್ಣದ ಗುಣ, ನೀರಿನ ಕಾಲುವೆ ಎಲ್ಲವೂ ಇವೆ. ಆದರೆ ಹತ್ತನೆಯ ಸಂಪುಟದ ಮುನ್ನುಡಿಯಲ್ಲಿ ಆತ ಹೇಳುವ ಸಂಗತಿಯೊಂದು ಇಂದಿನ ಕಚೇರಿಗಳ ಗೋಡೆಗೆ ಬರೆದು ಅಂಟಿಸತಕ್ಕದ್ದು. ಎಫೆಸಸ್ ನಗರದಲ್ಲಿ ಹಿಂದೆ ಒಂದು ಕಠಿನವಾದ ಕಾನೂನು ಇತ್ತಂತೆ. ಸಾರ್ವಜನಿಕ ಕಟ್ಟಡದ ಹೊಣೆ ಹೊತ್ತ ವಾಸ್ತುಶಿಲ್ಪಿ ಮೊದಲೇ ಖರ್ಚಿನ ಅಂದಾಜನ್ನು ಕೊಡಬೇಕು. ಕೆಲಸ ಮುಗಿಯುವವರೆಗೆ ಅವನ ಆಸ್ತಿ ಅಧಿಕಾರಿಯ ಬಳಿ ಒತ್ತೆಯಾಗಿರಬೇಕು. ಅಂದಾಜಿನಂತೆಯೇ ಮುಗಿಸಿದರೆ ಗೌರವ. ಕಾಲು ಭಾಗದಷ್ಟು ಹೆಚ್ಚಾದರೆ ಖಜಾನೆಯೇ ತುಂಬಿಕೊಡುತ್ತದೆ. ಅದಕ್ಕಿಂತಲೂ ಹೆಚ್ಚಾದರೆ ಮಿಕ್ಕಿದ್ದು ಅವನ ಆಸ್ತಿಯಿಂದ ವಸೂಲಾಗುತ್ತದೆ. ಇಂಥ ಕಾನೂನು ರೋಮಿನಲ್ಲಿಯೂ ಇದ್ದಿದ್ದರೆ ಎಂದು ವಿಟ್ರೂವಿಯಸ್ ಹಂಬಲಿಸುತ್ತಾನೆ. ಅಂದಾಜು ತಪ್ಪಿ ಅರ್ಧಕ್ಕೆ ನಿಂತ ಮನೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತವರ ಸಂಕಟ ಎರಡು ಸಾವಿರ ವರ್ಷಗಳಲ್ಲಿ ಬದಲಾಗಿಲ್ಲ.

ಕನ್ನಡನಾಡಿನ ಕಟ್ಟುವವರು ಏನನ್ನೂ ಬರೆಯಲಿಲ್ಲವೆಂದು ಹೇಳಲಾಗದು. ಅವರು ಬರೆದುದು ಕಲ್ಲಿನ ಮೇಲೆ, ಒಂದೆರಡು ಸಾಲುಗಳಲ್ಲಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿ ಕಟ್ಟಿಸಿದಳು. ಕಟ್ಟಿದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆತುದನ್ನು ಅಲ್ಲಿಯ ಶಾಸನ ಹಳಗನ್ನಡದಲ್ಲಿ ಹೇಳುತ್ತದೆ. ತೆಂಕಣ ದಿಕ್ಕಿನ ಸೂತ್ರಧಾರಿಯಾದ ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲಿದೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಶಿಲ್ಪಗಳ ಅಡಿಯಲ್ಲಿ ತಮ್ಮ ಹೆಸರುಗಳನ್ನು ಬಿಟ್ಟುಹೋಗಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಊರು, ತಂದೆ, ಬಿರುದು, ಎದುರಾಳಿ ಶಿಲ್ಪಿಗಳಿಗೆ ತಾನು ಎಂಥವನೆಂಬ ಹೆಮ್ಮೆಯ ಮಾತು, ಅಲ್ಲಿಗೆ ಬರಹ ನಿಲ್ಲುತ್ತದೆ. ಬಳ್ಳಿಗಾವೆಯಿಂದ ಬೇಲೂರಿಗೆ ಬಂದ ತಂದೆ ಮಗ ಎಲ್ಲಿ ಇಳಿದುಕೊಂಡರು, ಕಲ್ಲು ಸೀಳಿಹೋದಾಗ ನಷ್ಟ ಯಾರದಾಯಿತು, ಮಗ ತಂದೆಯನ್ನು ಮೀರಿದ ದಿನ ತಂದೆಗೆ ಏನನ್ನಿಸಿತು ಎಂಬುದಕ್ಕೆ ಆ ಪೀಠದಲ್ಲಿ ಜಾಗವಿಲ್ಲ. ಮಯಮತ, ಮಾನಸಾರಗಳಂಥ ಶಾಸ್ತ್ರಗ್ರಂಥಗಳು ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ ಎಂದು ಕಟ್ಟುವವರ ನಾಲ್ಕು ಬಗೆಗಳನ್ನು ಹೆಸರಿಸಿ ಅವರ ಲಕ್ಷಣಗಳನ್ನು ಹೇಳುತ್ತವೆ. ಲಕ್ಷಣ ಸಿಕ್ಕಿತು, ಅನುಭವ ಉಳಿಯಲಿಲ್ಲ.

ಅನುಭವವನ್ನು ಬರೆಯತೊಡಗಿದ ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪಿಗಳಲ್ಲಿ ಕಿಣತ್ತುಕಡವಿಗೆ ತೀರ ಸಮೀಪದವರು ಕಣಿವೆಯ ಆಚೆಯ ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್. 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, 1945ರಲ್ಲಿ ಭಾರತಕ್ಕೆ ಬಂದು, ಹಿಮಾಲಯದ ಪಿಥೋರಾಗಢದಲ್ಲಿ ಬಹುಕಾಲ ಕಳೆದು, ಕೊನೆಗೆ ತಿರುವನಂತಪುರದಲ್ಲಿ ನಿಂತ ಬೇಕರ್ 2007ರಲ್ಲಿ ತೀರಿಕೊಂಡರು. ಮುಂಬಯಿಯಲ್ಲಿ ಗಾಂಧೀಜಿಯನ್ನು ಕಂಡಾಗ, ಆದರ್ಶ ಹಳ್ಳಿಯ ಆದರ್ಶ ಮನೆಯನ್ನು ಐದು ಮೈಲಿಯೊಳಗೆ ದೊರೆಯುವ ವಸ್ತುಗಳಿಂದಲೇ ಕಟ್ಟಬೇಕೆಂದು ಗಾಂಧೀಜಿ ಹೇಳಿದ ಮಾತನ್ನು ಅವರು ಬಾಳಿನುದ್ದಕ್ಕೂ ನೆನೆದರು. ಅವರ ಬರಹಗಳು ಬಹುಮಟ್ಟಿಗೆ ಸಣ್ಣ ಕೈಪಿಡಿಗಳು. ಕೈಬರಹದ ಅಕ್ಷರ, ಕೈಯಿಂದ ಬರೆದ ಚಿತ್ರ, ನಡುವೆ ನಗೆ. ಗೌತಮ್ ಭಾಟಿಯಾ 1991ರಲ್ಲಿ ಅವರ ಬಾಳು, ಕೆಲಸ, ಬರಹಗಳನ್ನು ಒಂದು ಪುಸ್ತಕದಲ್ಲಿ ಸೇರಿಸಿದರು. ಪತ್ನಿ ಎಲಿಜಬೆತ್ ಬೇಕರ್ ತಮ್ಮ ನೆನಪುಗಳನ್ನು ಬೇರೆಯಾಗಿ ಬರೆದರು. ಇವುಗಳಲ್ಲಿ ಕಾಣುವ ಕಚೇರಿ ಕಚೇರಿಯೇ ಅಲ್ಲ. ಆಳುಕಾಳುಗಳ ದಂಡಿಲ್ಲ, ದೊಡ್ಡ ಮೇಜುಗಳ ಸಾಲಿಲ್ಲ. ಬಳಸಿ ಬಿಟ್ಟ ಕಾಗದದ ಹಿಂಬದಿಯಲ್ಲಿ ನಕ್ಷೆ, ಕಟ್ಟುವ ಜಾಗದಲ್ಲಿಯೇ ಮೇಸ್ತ್ರಿಯೊಡನೆ ನಿರ್ಧಾರ.

ಬೇಕರ್ ಅವರ ಬರಹಗಳನ್ನು ಓದುವವರು ಒಂದು ಲೆಕ್ಕವನ್ನು ಗಮನಿಸಬೇಕು. ವಾಸ್ತುಶಿಲ್ಪಿಯ ಸಂಭಾವನೆ ವಾಡಿಕೆಯಂತೆ ಕಟ್ಟಡದ ವೆಚ್ಚದ ಶೇಕಡಾವಾರು ಭಾಗ. ಅಂದರೆ ಮನೆ ದುಬಾರಿಯಾದಷ್ಟೂ ಅದನ್ನು ಯೋಚಿಸಿದವನ ಪಾಲು ಬೆಳೆಯುತ್ತದೆ. ಬುದ್ಧಿ ಖರ್ಚುಮಾಡಿ ಮನೆಯ ವೆಚ್ಚವನ್ನು ಇಳಿಸಿದವನು ತನ್ನ ಕೂಲಿಯನ್ನೇ ಇಳಿಸಿಕೊಳ್ಳುತ್ತಾನೆ. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ಗೋಡೆಯಿಂದ ಸುಮಾರು ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ. ಚಾವಣಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಹೆಂಚುಗಳನ್ನು ಹುದುಗಿಸಿದರೆ ಕಾಂಕ್ರೀಟೂ ಕಬ್ಬಿಣವೂ ಉಳಿಯುತ್ತವೆ, ಒಳಗಿನ ಬಿಸಿಯೂ ಕಡಿಮೆಯಾಗುತ್ತದೆ. ಬೇಕರ್ ಬಳಕೆಗೆ ತಂದ ಈ ಉಪಾಯಗಳು ಮನೆಯವನಿಗೆ ಲಾಭ. ಶೇಕಡಾವಾರು ಲೆಕ್ಕದವನಿಗೆ ನಷ್ಟ. ಹಾಗೆ ಹುದುಗುವ ಹೆಂಚು ಎಷ್ಟೋ ವೇಳೆ 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮಾಡಲು ಆರಂಭಿಸಿದ ಮಂಗಳೂರು ಹೆಂಚೇ. ಕನ್ನಡ ಕರಾವಳಿಯ ಮಣ್ಣು ಹೀಗೆ ಕೇರಳದ ಚಾವಣಿಯೊಳಗೆ ಸೇರಿದೆ.

ಕನ್ನಡದ ಓದುಗರಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗದೆ ಇರದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆ ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಗಂಡನನ್ನು ಕಳಿಸಿದಳು. ಅಕ್ಕಿಯನ್ನು ಹಿಂದಿರುಗಿಸುವುದು ಹೆಂಡತಿ ಹೇಳಿದ ಮಾತಿನಿಂದ ಸಾಧ್ಯವಾಯಿತು. ಕಚೇರಿಯ ಬಾಡಿಗೆ, ನೌಕರರ ಸಂಬಳ, ಬ್ಯಾಂಕಿನ ಸಾಲ ಇರುವವನಿಗೆ ಅದು ಅಷ್ಟು ಸರಳವಲ್ಲ ಎಂದು ಯಾರಾದರೂ ಹೇಳಬಹುದು. ಆ ಮಾತು ನಿಜ. ನಿಜವಾದುದರಿಂದಲೇ ಅಂಥವರು ಬರೆಯಬೇಕು. ಎಷ್ಟು ಅಕ್ಕಿಯನ್ನು ಇಟ್ಟುಕೊಂಡೆ, ಎಷ್ಟನ್ನು ಮರಳಿಸಿದೆ, ಮರಳಿಸಲಾಗದೆ ಹೋದುದು ಯಾವಾಗ ಎಂಬ ಲೆಕ್ಕ ಪ್ರಾಮಾಣಿಕವಾಗಿ ಬರಹದಲ್ಲಿ ಉಳಿದರೆ, ಮುಂದಿನವರಿಗೆ ಅದು ನಕ್ಷೆಗಿಂತಲೂ ಉಪಯುಕ್ತ.

ಬಾಲಕೃಷ್ಣ ದೋಶಿಯವರ ಆತ್ಮಕಥನ ‘ಪಾತ್ಸ್ ಅನ್‌ಚಾರ್ಟೆಡ್’ 2011ರಲ್ಲಿ ಹೊರಬಂದಿತು. 1927ರಲ್ಲಿ ಪುಣೆಯ ಗುಜರಾತಿ ಕುಟುಂಬವೊಂದರಲ್ಲಿ ಹುಟ್ಟಿದ ದೋಶಿಯವರ ಬಾಲ್ಯ ಅಜ್ಜನ ಪೀಠೋಪಕರಣಗಳ ಕಾರ್ಖಾನೆಯ ನೆರಳಿನಲ್ಲಿ ಕಳೆಯಿತು. 1951ರಲ್ಲಿ ಪ್ಯಾರಿಸಿನ ಲ ಕಾರ್ಬೂಸಿಯೆ ಅವರ ಕಾರ್ಯಾಲಯಕ್ಕೆ ಸೇರಿದ ಅವರು ಮೊದಲ ಎಂಟು ತಿಂಗಳು ಸಂಬಳವಿಲ್ಲದೆ ದುಡಿದರು. ಅಹಮದಾಬಾದಿಗೆ ಬಂದು ಸ್ವಂತ ಕಾರ್ಯಾಲಯವನ್ನು ಕಟ್ಟಿದರು, 1962ರಲ್ಲಿ ಅಲ್ಲಿಯ ವಾಸ್ತುಶಿಲ್ಪ ಶಾಲೆಯನ್ನು ಆರಂಭಿಸಿದರು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರಾದರು. 2023ರ ಜನವರಿಯಲ್ಲಿ ತೀರಿಕೊಂಡರು. 1980ರ ಸುಮಾರಿಗೆ ಸಿದ್ಧವಾದ ಅವರ ಕಾರ್ಯಾಲಯ ‘ಸಂಗಾತ್’, ಜೊತೆಗೂಡಿ ನಡೆಯುವುದು ಎಂಬ ಅರ್ಥದ್ದು. ಅರ್ಧ ನೆಲದೊಳಗೆ ಹೂತ ಕಮಾನುಗಳ ಮೇಲೆ ಒಡೆದ ಬಿಳಿಯ ಪಿಂಗಾಣಿ ಚೂರುಗಳ ಹೊದಿಕೆ, ಮಳೆನೀರು ಹರಿಯುವ ಕಾಲುವೆ, ಹೊರಗೆ ಕುಳಿತುಕೊಳ್ಳಲು ಮೆಟ್ಟಿಲುಗಳು. ಕಚೇರಿಯನ್ನು ಹೇಗೆ ನಡೆಸಬೇಕೆಂಬ ವಿಚಾರ ಕಚೇರಿಯ ಗೋಡೆಗಳಲ್ಲಿಯೇ ಇರಬಲ್ಲುದು ಎಂಬುದಕ್ಕೆ ಅದೊಂದು ಸಾಕ್ಷಿ.

ಕನ್ನಡನಾಡಿನವರಿಗೆ ದೋಶಿಯವರು ಪರಿಚಿತರಾದುದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಭಾರತೀಯ ವ್ಯವಸ್ಥಾಪನ ಸಂಸ್ಥೆಯ ಮೂಲಕ. 1970ರ ದಶಕದ ಕೊನೆಯಲ್ಲಿ ಆರಂಭವಾಗಿ ವರ್ಷಗಟ್ಟಲೆ ಮುಂದುವರಿದ ಆ ಕಲ್ಲಿನ ಕಟ್ಟಡದಲ್ಲಿ ತರಗತಿಗಳಿಗಿಂತ ಹೆಚ್ಚು ಮನಸ್ಸಿನಲ್ಲಿ ನಿಲ್ಲುವುದು ಉದ್ದನೆಯ ಮೊಗಸಾಲೆಗಳು. ಬಿಸಿಲು, ಬಳ್ಳಿ, ನೆರಳು ಅಲ್ಲಿ ಗಂಟೆಗೊಂದು ಪಾಠ ಮಾಡುತ್ತವೆ. ಕಲಿಕೆ ನಡೆಯುವುದು ಕೊಠಡಿಯೊಳಗೆ ಮಾತ್ರವಲ್ಲ, ಕೊಠಡಿಯಿಂದ ಕೊಠಡಿಗೆ ಹೋಗುವ ದಾರಿಯಲ್ಲಿ ಎಂಬ ಅವರ ನಂಬಿಕೆ ಅಲ್ಲಿ ಕಲ್ಲಾಗಿ ನಿಂತಿದೆ.

ಆದರೆ ದೋಶಿಯವರ ಆ ಎಂಟು ತಿಂಗಳುಗಳನ್ನು ಕೇವಲ ಮೆಚ್ಚಿ ಮುಂದೆ ಹೋಗುವುದು ಸರಿಯಲ್ಲ. ಗುರುವಿನ ಬಳಿ ಉಪವಾಸವಿದ್ದು ಕಲಿತ ಶಿಷ್ಯನ ಕಥೆ ಕೇಳುವುದಕ್ಕೆ ಇಂಪು. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದ 1932ರಲ್ಲಿಯೇ ಟ್ಯಾಲಿಯೆಸಿನ್ ಎಂಬ ತಮ್ಮ ನೆಲೆಯಲ್ಲಿ ಶಿಷ್ಯಮಂಡಲಿಯೊಂದನ್ನು ಆರಂಭಿಸಿದರು. ಆರ್ಥಿಕ ಮುಗ್ಗಟ್ಟಿನ ಕಾಲ, ಕೈಯಲ್ಲಿ ಕೆಲಸಗಳಿರಲಿಲ್ಲ. ಅಲ್ಲಿ ಶಿಷ್ಯರು ಗುರುವಿಗೆ ಶುಲ್ಕವನ್ನು ಕೊಟ್ಟು, ಅಡುಗೆಮನೆಯಲ್ಲಿಯೂ ಹೊಲದಲ್ಲಿಯೂ ದುಡಿದು, ಉಳಿದ ಹೊತ್ತಿನಲ್ಲಿ ನಕ್ಷೆ ಬರೆದರು. ಅಲ್ಲಿಂದ ದೊಡ್ಡ ಕಟ್ಟಡಗಳೂ ಹೊರಟವು, ಒಳ್ಳೆಯ ವಾಸ್ತುಶಿಲ್ಪಿಗಳೂ ಹೊರಟರು. ಆದರೂ ಪ್ರಶ್ನೆ ಉಳಿಯುತ್ತದೆ. ಎಂಟು ತಿಂಗಳು ಸಂಬಳವಿಲ್ಲದೆ ಇರಬಲ್ಲವರು ಯಾರು? ನೇಕಾರನ ಮಗಳು ಇರಬಲ್ಲಳೇ? ಎರಡು ಎಕರೆ ತೆಂಗಿನ ತೋಟವನ್ನು ನೆಚ್ಚಿದ ಮನೆಯ ಮಗ ಇರಬಲ್ಲನೇ?

ಇದೇ ಕಟ್ಟಡದ ಕೆಲಸದಲ್ಲಿ ಇನ್ನೊಂದು ಬಗೆಯ ಶಿಷ್ಯವೃತ್ತಿಯೂ ಇದೆ. ಅದರ ಬಗ್ಗೆ ಪುಸ್ತಕಗಳು ಮೌನವಾಗಿವೆ. ಗಾರೆಯ ಮೇಸ್ತ್ರಿಯ ಕೈಯಾಳಾಗಿ ಸೇರಿದ ಹುಡುಗ ಮೊದಲ ದಿನದಿಂದಲೇ ಕೂಲಿ ಪಡೆಯುತ್ತಾನೆ. ಕಡಿಮೆ ಕೂಲಿ, ನಿಜ. ಆದರೆ ಸಂಜೆ ಕೈಗೆ ಬರುವ ಕೂಲಿ. ಮಣ್ಣು ಹೊತ್ತು, ಗಾರೆ ಕಲಸಿ, ತೂಗುಗುಂಡು ಹಿಡಿದು, ಒಂದು ದಿನ ಕರಣೆ ಕೈಗೆ ಬರುತ್ತದೆ. ಕಲಿಕೆಗೂ ಕೂಲಿಗೂ ಅಲ್ಲಿ ಜಗಳವಿಲ್ಲ. ಸೃಜನಶೀಲವೆಂದು ಹೆಸರು ಪಡೆದ ಕಚೇರಿಗಳಿಗೆ ಈ ಸಾಮಾನ್ಯ ನ್ಯಾಯ ಕಷ್ಟವಾಗುವುದು ಆಶ್ಚರ್ಯದ ಸಂಗತಿ. ಸ್ವಂತ ಕಾರ್ಯಾಲಯವನ್ನು ತೆರೆಯುವ ತರುಣರು ದೋಶಿಯವರಿಂದ ಕಲಿಯಬೇಕಾದುದು ಬಹಳವಿದೆ. ತಮ್ಮ ಬಳಿಗೆ ಕಲಿಯಲು ಬಂದವರನ್ನು ಎಂಟು ತಿಂಗಳು ಬರಿಗೈಯಲ್ಲಿ ಇರಿಸಬಾರದೆಂಬುದನ್ನು ಮಾತ್ರ ಅವರು ಮೇಸ್ತ್ರಿಯಿಂದ ಕಲಿಯಬೇಕು.

ಗೆದ್ದವರು ಬರೆದ ಪುಸ್ತಕಗಳಿಗಿಂತ ಸೋತ ಕೆಲಸದ ಬಗ್ಗೆ ಬರೆದ ಪುಸ್ತಕಗಳು ಕೆಲವೊಮ್ಮೆ ಹೆಚ್ಚು ಬಾಳುತ್ತವೆ. ಈಜಿಪ್ಟಿನ ಹಸನ್ ಫತಿ ಅವರ ಪುಸ್ತಕ ಮೊದಲು 1969ರಲ್ಲಿ ಕೈರೋದಲ್ಲಿ ಬೇರೆ ಹೆಸರಿನಿಂದ ಪ್ರಕಟವಾಗಿ, 1973ರಲ್ಲಿ ‘ಆರ್ಕಿಟೆಕ್ಚರ್ ಫಾರ್ ದ ಪೂರ್’ ಎಂಬ ಹೆಸರಿನಿಂದ ಲೋಕಕ್ಕೆ ತಿಳಿಯಿತು. ಪ್ರಾಚೀನ ಸಮಾಧಿಗಳ ಮೇಲೆ ಮನೆಮಾಡಿಕೊಂಡಿದ್ದ ಗೌರ್ನಾ ಗ್ರಾಮದ ಜನರನ್ನು ಬೇರೆಡೆಗೆ ಸಾಗಿಸಲು 1940ರ ದಶಕದಲ್ಲಿ ಸರಕಾರ ಹೊಸ ಗ್ರಾಮವೊಂದನ್ನು ಕಟ್ಟಿಸಲು ಹೊರಟಿತು. ಫತಿ ನುಬಿಯಾದ ಮೇಸ್ತ್ರಿಗಳನ್ನು ಕರೆಸಿ, ಮರದ ಆಸರೆಯಿಲ್ಲದೆಯೇ ಹಸಿಮಣ್ಣಿನ ಇಟ್ಟಿಗೆಗಳಿಂದ ಕಮಾನುಚಾವಣಿಗಳನ್ನು ಏರಿಸಿದರು. ಮಸೀದಿ ಎದ್ದಿತು, ಮಾರುಕಟ್ಟೆ ಎದ್ದಿತು, ಮನೆಗಳು ಎದ್ದವು. ಜನ ಬರಲಿಲ್ಲ. ಅವರ ಜೀವನೋಪಾಯ ಹಳೆಯ ನೆಲದಲ್ಲಿತ್ತು. ಇಲಾಖೆಯ ಕಡತಗಳು ಬೇರೆಯೇ ವೇಗದಲ್ಲಿ ನಡೆಯುತ್ತಿದ್ದವು. ಕೆಲಸ ಅರ್ಧಕ್ಕೆ ನಿಂತಿತು. ಕಟ್ಟಡವಾಗಿ ಸೋತುದು ಪುಸ್ತಕವಾಗಿ ಹಲವು ದೇಶಗಳ ತರುಣರನ್ನು ಮಣ್ಣಿನ ಕಡೆಗೆ ತಿರುಗಿಸಿತು. ಯಾರಿಗಾಗಿ ಕಟ್ಟುತ್ತೇವೆಯೋ ಅವರನ್ನು ಕೇಳದೆ ಕಟ್ಟಬಾರದು ಎಂಬ ಪಾಠವನ್ನು ಆ ಸೋಲಿನಷ್ಟು ಸ್ಪಷ್ಟವಾಗಿ ಯಾವ ಗೆಲುವೂ ಹೇಳಿಲ್ಲ.

ಕಾಲದ ವಿಷಯದಲ್ಲಿ ತಮಿಳುನಾಡಿನ ನೆರೆಯ ಪುದುಚೇರಿಯಲ್ಲಿ ಒಂದು ಅಪೂರ್ವ ಉದಾಹರಣೆಯಿದೆ. ಅರವಿಂದಾಶ್ರಮದ ‘ಗೋಲ್ಕೊಂಡ’ ವಸತಿಗೃಹವನ್ನು ಯೋಚಿಸಿದವರು ಟೋಕಿಯೋದಲ್ಲಿ ಕಾರ್ಯಾಲಯವನ್ನು ನಡೆಸುತ್ತಿದ್ದ ಆಂಟೊನಿನ್ ರೇಮಂಡ್. ಸ್ಥಳದಲ್ಲಿ ನಿಂತು ಕೆಲಸವನ್ನು ನೋಡಿಕೊಂಡವರಲ್ಲಿ ಜಾರ್ಜ್ ನಾಕಾಶಿಮಾ ಒಬ್ಬರು. ಅವರು ಸಂಬಳವನ್ನು ಬಿಟ್ಟು ಆಶ್ರಮದ ಸಾಧಕರಾದರು. ಸುಂದರಾನಂದ ಎಂಬ ಹೆಸರನ್ನು ಪಡೆದರು. ಆಶ್ರಮದವರೇ ಕೆಲಸಗಾರರು, ಅವಸರವೆಂಬುದೇ ಇಲ್ಲ. ರೇಮಂಡ್ 1973ರ ತಮ್ಮ ಆತ್ಮಕಥೆಯಲ್ಲಿಯೂ, ಮುಂದೆ ಮರಗೆಲಸವನ್ನೇ ಬಾಳಾಗಿಸಿಕೊಂಡ ನಾಕಾಶಿಮಾ 1981ರ ‘ದ ಸೋಲ್ ಆಫ್ ಎ ಟ್ರೀ’ಯಲ್ಲಿಯೂ ಆ ದಿನಗಳನ್ನು ಸ್ಮರಿಸಿದ್ದಾರೆ. ಅಂಥ ಅವಕಾಶ ಎಲ್ಲರಿಗೂ ದೊರೆಯುವುದಿಲ್ಲ. ಗೃಹಪ್ರವೇಶದ ಮುಹೂರ್ತವನ್ನು ಜೋಯಿಸರು ಮೊದಲೇ ಇಟ್ಟುಕೊಟ್ಟಿರುವ ಊರಿನಲ್ಲಿ ವಾಸ್ತುಶಿಲ್ಪಿಗೆ ಅವಸರವೇ ನಿತ್ಯದ ಹವೆ. ಆದರೂ ಕೆಲಸ ತನ್ನ ಕಾಲವನ್ನು ತಾನೇ ಕೇಳಿಕೊಂಡಾಗ ಏನಾಗುತ್ತದೆಂಬುದನ್ನು ಒಮ್ಮೆಯಾದರೂ ಓದಿ ತಿಳಿದಿರುವುದು ಒಳ್ಳೆಯದು.

ಈ ಎಲ್ಲ ಪುಸ್ತಕಗಳಿಗೂ ಒಂದು ಸಾಮ್ಯವಿದೆ. ಇವು ಕನ್ನಡದಲ್ಲಿ ಹುಟ್ಟಲಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರವನ್ನೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವನ್ನೂ ರೂಪಿಸಿದ ಚಾರ್ಲ್ಸ್ ಕೊರಿಯಾ ಒಳ್ಳೆಯ ಗದ್ಯವನ್ನು ಬರೆದರು. 2010ರ ‘ಎ ಪ್ಲೇಸ್ ಇನ್ ದ ಶೇಡ್’ ಅದಕ್ಕೆ ನಿದರ್ಶನ. ಮರದ ನೆರಳು, ಅಂಗಳ, ತಾರಸಿ ಇವು ಬಡವನ ಮನೆಗೆ ಕೊಠಡಿಯಷ್ಟೇ ಬೆಲೆಯುಳ್ಳವು ಎಂಬ ಅವರ ವಿಚಾರ ಜಗಲಿಯ ಮೇಲೆ ಬೆಳೆದ ಯಾರಿಗೂ ಹೊಸತಲ್ಲ. ಆದರೆ ಅದನ್ನು ಓದಲು ಇಂಗ್ಲಿಷ್ ಬೇಕು. ಆ ಕೇಂದ್ರಕ್ಕೆ ಹೆಸರಾದ ಸರ್ ಎಂ. ವಿಶ್ವೇಶ್ವರಯ್ಯನವರೂ ತಮ್ಮ ವೃತ್ತಿಜೀವನದ ನೆನಪುಗಳನ್ನು 1951ರಲ್ಲಿ ಇಂಗ್ಲಿಷಿನಲ್ಲಿಯೇ ಪ್ರಕಟಿಸಿದರು. ಪುಣೆಯ ಬಳಿಯ ಖಡಕವಾಸಲಾದ ಸ್ವಯಂಚಾಲಿತ ಬಾಗಿಲುಗಳಿಂದ ಮೈಸೂರಿನ ದಿವಾನಗಿರಿಯವರೆಗಿನ ಆ ಬಾಳು ಕನ್ನಡದ ಬಾಳೇ. ಅದು ತನ್ನನ್ನು ಹೇಳಿಕೊಂಡ ನುಡಿ ಬೇರೆ.

ನೆರೆಯ ಮರಾಠಿಯಲ್ಲಿ ಹಾಗಾಗಲಿಲ್ಲ ಎಂಬುದನ್ನು ಗಮನಿಸಬೇಕು. ಬಡೋದೆಯಲ್ಲಿ ವಾಸ್ತುಶಿಲ್ಪವನ್ನು ಕಲಿಸುತ್ತಿದ್ದ ಮಾಧವ ಆಚವಲ್ 1960ರ ದಶಕದ ಆರಂಭದಲ್ಲಿ ‘ಕಿಮಯಾ’ ಎಂಬ ಪ್ರಬಂಧಸಂಕಲನವನ್ನು ಮರಾಠಿಯಲ್ಲಿ ಪ್ರಕಟಿಸಿದರು. ಕಿಮಯಾ ಎಂದರೆ ರಸವಿದ್ಯೆ, ಮಾಯೆ. ಅವಕಾಶ, ಬೆಳಕು, ವಸ್ತು ಇವು ಮನುಷ್ಯನ ಮನಸ್ಸಿನ ಮೇಲೆ ಏನು ಮಾಡುತ್ತವೆ ಎಂಬುದನ್ನು ಪಾರಿಭಾಷಿಕ ಪದಗಳ ಭಾರವಿಲ್ಲದೆ ಅದು ಹೇಳುತ್ತದೆ. ಮರಾಠಿ ಓದುಗರು ಅದನ್ನು ವಾಸ್ತುಶಿಲ್ಪದ ಪುಸ್ತಕವೆಂದು ಬದಿಗಿಡಲಿಲ್ಲ; ಲಲಿತಗದ್ಯವೆಂದು ಎದೆಗೆ ಹಚ್ಚಿಕೊಂಡರು. ಬೆಳಗಾವಿಯಿಂದ ಸೊಲ್ಲಾಪುರದವರೆಗೆ ಎರಡೂ ನುಡಿಗಳಲ್ಲಿ ಶಾಲೆ ಕಲಿತವರಿಗೆ ಈ ಹೋಲಿಕೆ ಸಹಜವಾಗಿಯೇ ಮನಸ್ಸಿಗೆ ಬರುತ್ತದೆ. ಮರಾಠಿಗೆ ಸಾಧ್ಯವಾದುದು ಕನ್ನಡಕ್ಕೆ ಅಸಾಧ್ಯವಲ್ಲ. ಕನ್ನಡಕ್ಕೆ ಇನ್ನೂ ಹಳೆಯ ಹಕ್ಕಿದೆ. ದುಡಿಮೆಯ ಬಾಯಿಂದಲೇ ಸಾಹಿತ್ಯ ಹುಟ್ಟಬಲ್ಲುದೆಂದು ತೋರಿಸಿದ ನುಡಿ ಅದು. ಜೇಡರ ದಾಸಿಮಯ್ಯ ನೇಯುತ್ತಿದ್ದ, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದ, ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದ. ಕಾಯಕವೂ ಮಾತೂ ಒಂದೇ ಮನೆಯಲ್ಲಿದ್ದ ಆ ಪರಂಪರೆಯಲ್ಲಿ ಕಟ್ಟುವವರ ಗದ್ಯಕ್ಕೆ ಜಾಗ ಕಾದಿದೆ.

ಪದಗಳ ಕೊರತೆಯೂ ಇಲ್ಲ. ಪಾಯ, ತೊಲೆ, ಜಂತೆ, ಮಾಡು, ಸೂರು, ತೊಟ್ಟಿ, ಪಡಸಾಲೆ, ಗವಾಕ್ಷಿ, ಗಿಲಾವು, ಕರಣೆ ಇವೆಲ್ಲ ಇನ್ನೂ ಬಾಯಲ್ಲಿವೆ. ಸೆಂಟ್ರಿಂಗ್, ಸ್ಲ್ಯಾಬು, ಪಿಲ್ಲರುಗಳೂ ಮೇಸ್ತ್ರಿಗಳ ಕನ್ನಡದಲ್ಲಿ ಬೆರೆತುಹೋಗಿವೆ. ಜಂತೆಯ ಮನೆ ಹೋದಾಗ ಜಂತೆ ಎಂಬ ಮಾತೂ ಹೋಗುತ್ತದೆ. ಕಟ್ಟುವ ಕೈ, ಆ ಕೈಯ ಮಾತು ಎರಡೂ ಒಟ್ಟಿಗೆ ಮುದಿಯಾಗುತ್ತಿರುವ ಹೊತ್ತು ಇದು.

ಕಿಣತ್ತುಕಡವಿನಂಥ ಊರಿನಲ್ಲಿ ಈ ಕೊರತೆ ಇನ್ನಷ್ಟು ಆಳವಾಗಿದೆ. ಅಲ್ಲಿಯ ಕನ್ನಡ ಬಹುಮಟ್ಟಿಗೆ ಬಾಯಿಯ ಕನ್ನಡ. ಲಿಪಿಯನ್ನು ಶಾಲೆ ಕೊಟ್ಟಿಲ್ಲ. ಅಂಥ ಮನೆಯಲ್ಲಿ ಅಜ್ಜಿ ಮಗ್ಗದ ಗುಂಡಿಗೆ ಬೆಳಕು ಎಲ್ಲಿಂದ ಬರಬೇಕು, ಹಾಸನ್ನು ಉದ್ದಕ್ಕೆ ಹರಡಲು ಪಡಸಾಲೆ ಎಷ್ಟು ಉದ್ದ ಇರಬೇಕು, ಪಶ್ಚಿಮದ ಗಾಳಿಗೆ ನೂಲು ಒಣಗಿ ಹರಿಯದಂತೆ ಯಾವ ಕಿಟಕಿಯನ್ನು ಮುಚ್ಚಬೇಕು ಎಂಬುದನ್ನು ಕನ್ನಡದಲ್ಲಿ ಹೇಳಬಲ್ಲಳು. ಅದು ವಾಸ್ತುಶಿಲ್ಪದ ಜ್ಞಾನವೇ. ಮೊಮ್ಮಗಳು ಅದನ್ನು ಇಂಗ್ಲಿಷಿನ ನಕ್ಷೆಯಲ್ಲಿ ಬರೆಯುವಾಗ ಅಜ್ಜಿಯ ವಾಕ್ಯ ಉಳಿಯುವುದಿಲ್ಲ; ಗೆರೆ ಉಳಿಯುತ್ತದೆ. ನೇಕಾರರ ಮನೆಯವರಿಗೆ ವಿನ್ಯಾಸದ ವೃತ್ತಿ ಹೊಸದೂ ಅಲ್ಲ. ಬೇಡಿಕೆ ಬರುವುದು, ಮುಂಗಡ, ಬದಲಾದ ಅಂಚು, ತಡವಾದ ಕೂಲಿ, ಹಬ್ಬದ ಮೊದಲಿನ ಅವಸರ ಎಲ್ಲವೂ ಅವರಿಗೆ ಗೊತ್ತು. ವಾಸ್ತುಶಿಲ್ಪಿಯಾದ ಮೊಮ್ಮಗಳು ತನ್ನ ಕಚೇರಿಯ ಕಷ್ಟವನ್ನು ಹೇಳಿದರೆ ಮಗ್ಗದ ಮುಂದೆ ಕುಳಿತವರಿಗೆ ಪ್ಯಾರಿಸಿನವರಿಗಿಂತ ಬೇಗ ಅರ್ಥವಾದೀತು.

ವಾಸ್ತುಶಿಲ್ಪಿಗಳೇ ಕುಳಿತು ಕನ್ನಡದಲ್ಲಿ ಬರೆಯಲೆಂದು ಕಾಯುತ್ತ ಕೂಡುವ ಅಗತ್ಯ ಕನ್ನಡ ವಿಭಾಗಗಳಿಗೆ ಇಲ್ಲ. ಕೇಳಿ ಬರೆದುಕೊಳ್ಳುವುದು ಜಾನಪದದ ವಿದ್ಯಾರ್ಥಿಗಳಿಗೆ ಅಭ್ಯಾಸವಾದ ಕೆಲಸ. ಹಾಡುಗಳನ್ನು, ಗಾದೆಗಳನ್ನು ಸಂಗ್ರಹಿಸಿದ ಅದೇ ಶ್ರದ್ಧೆಯಿಂದ ಒಬ್ಬ ಮೇಸ್ತ್ರಿಯ, ಒಬ್ಬ ಬಡಗಿಯ, ಸಣ್ಣ ಊರಿನಲ್ಲಿ ಕಚೇರಿ ತೆರೆದ ಒಬ್ಬ ತರುಣಿಯ ಮಾತುಗಳನ್ನು ಬರೆದುಕೊಳ್ಳಬಹುದು. ಕೇಳಬೇಕಾದ ಪ್ರಶ್ನೆಗಳನ್ನು ಮೇಲಿನ ಪುಸ್ತಕಗಳೇ ಕಲಿಸಿವೆ. ಅಂದಾಜು ಎಂದು ತಪ್ಪಿತು? ಯಾರಿಗೆ ಬೇಡವೆಂದಿರಿ? ಕಲಿಯಲು ಬಂದವರಿಗೆ ಏನು ಕೊಟ್ಟಿರಿ? ಯಾವ ಮನೆ ಕಟ್ಟಿದ ಮೇಲ್ಮನೆಯವರು ಇಂದಿಗೂ ಕರೆದು ಊಟ ಹಾಕುತ್ತಾರೆ? ಉತ್ತರಗಳು ನೂರು ಪುಟ ತುಂಬಿದರೆ ಅದೊಂದು ಪುಸ್ತಕ. ಹತ್ತು ಪುಟವಾದರೂ ಪೀಠದ ಮೇಲಿನ ಒಂದು ಸಾಲಿಗಿಂತ ಹೆಚ್ಚು.

ದಾಸೋಜನೂ ಚಾವಣನೂ ಹೆಸರನ್ನು ಕೆತ್ತಿದ ಕಲ್ಲು ಒಂಬತ್ತು ನೂರು ವರ್ಷಗಳಿಂದ ಉಳಿದಿದೆ. ಇಂದು ಕಟ್ಟುವ ಕಾಂಕ್ರೀಟಿಗೆ ಅಷ್ಟು ಆಯುಸ್ಸಿಲ್ಲ. ಮನೆ ಬಿದ್ದ ಮೇಲೆಯೂ ಉಳಿಯಬೇಕಾದುದನ್ನು ಕಾಗದಕ್ಕೆ ಒಪ್ಪಿಸಲು ಇನ್ನೂ ಸಮಯವಿದೆ. ಹೇಳುವವರು ಇನ್ನೂ ಇದ್ದಾರೆ.